ಖಂಡೆ ಪೂಜೆಗೆ ಕುಳಿತ ಗರಗಸ

ಚಿತ್ತಿ ಮಳೆ ನಾಲ್ಕಾರು ದಿನ ಹಿಡಿದು ಬಿಟ್ಟಿತ್ತು. ಗುರುವಾರ ನಸುಕಿನಲ್ಲಿ ಫಜರ್ ನಮಾಜು ಮುಗಿಸಿ ಹೊರಗೆ ಬಂದರೆ ಆಕಾಶ ಹೊಳವಾಗಿತ್ತು. ತೊಂಬತ್ತಮೂರನೆಯ ಇಸವಿಯ ದಸರೆ, ಶನಿವಾರಕ್ಕೆ ಮಹಾನವಮಿ. ನಾನು ಛತ್ರಿ ರಿಪೇರಿಯವನು. ಮಳೆ ನಿಂತಿತೆಂದರೆ ನನ್ನ ಕೈ ಖಾಲಿ. ಕೈ ಖಾಲಿ ಇರುವವನನ್ನು, ಅದರಲ್ಲೂ ಮಾತು ಕಡಿಮೆ ಇರುವವನನ್ನು ಕಂಡರೆ ಜನಕ್ಕೆ ಏನಾದರೊಂದು ತರಲು ಕಳಿಸುವ ಆಸೆ ಹುಟ್ಟುತ್ತದೆ. ನಾನು ಇದರಲ್ಲಿ ಸಿಕ್ಕಿಕೊಂಡದ್ದು ಹಾಗೆ.

ನನ್ನ ಅಂಗಡಿ ಎಂದರೆ ರಾಣೆಬೆನ್ನೂರಿನ ಹಳೆಯ ಹೆದ್ದಾರಿಯ ಮಗ್ಗುಲಲ್ಲಿ ಒಂದು ತಗಡಿನ ನೆರಳು. ಅದಕ್ಕೆ ಹತ್ತಿಕೊಂಡೇ ಇಸಾಕಸಾಬರ ಗ್ಯಾರೇಜು. ಅವರ ಜೊತೆ ಅಳಿಯ ಮಹಮ್ಮದಗೌಸ ಕೆಲಸ ಮಾಡುತ್ತಿದ್ದ. ಮಾವ ಅಳಿಯ ಸಮಾಧಾನದಲ್ಲಿದ್ದಾಗ ಉರ್ದುವಿನಲ್ಲಿ ಮಾತಾಡುವರು. ಜಗಳ ಹತ್ತಿತೆಂದರೆ ಕನ್ನಡಕ್ಕೆ ಬರುವರು, ತಪ್ಪು ಯಾರದೆಂದು ಬೀದಿಯವರಿಗೂ ತಿಳಿಯಲಿ ಎಂದು. ಆ ವಾರ ನಾನು ಕೇಳಿದ್ದೆಲ್ಲ ಕನ್ನಡವೇ.

ಆವತ್ತು ಗ್ಯಾರೇಜಿನಲ್ಲಿ ಕಲ್ಲುಗಳ ಮೇಲೆ ನಿಂತಿದ್ದದ್ದು ನನ್ನ ಅಕ್ಕನ ಮಗ ಶಾಬುದ್ದೀನನ ವ್ಯಾನು. ಹುಡುಗ ಮೀಸೆ ಮೂಡಿದಂದಿನಿಂದ ಬೇರೆಯವರ ಲಾರಿ, ಬೇರೆಯವರ ಟೆಂಪೊ ಹೊಡೆದವನು. ಸಾವುಕಾರರ ಬೈಗುಳ ಉಂಡು ಉಂಡು ಬೇಸತ್ತು ಆ ವರ್ಷ ಒಂದು ಹಳೆಯ ಮಾರುತಿ ವ್ಯಾನನ್ನು ತನ್ನ ಹೆಸರಿಗೆ ಮಾಡಿಕೊಂಡಿದ್ದ. ಊರಿನ ಹತ್ತಿ ಬೀಜದ ಕಂಪನಿಯ ಸಾಹೇಬರೊಬ್ಬರು ಅವನಿಗೆ ಮಾತು ಕೊಟ್ಟಿದ್ದರು. ಬೀಜಕ್ಕೆಂದು ಒಂದು ಹತ್ತಿ ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವ ಕ್ರಾಸಿಂಗಿನ ಕಾಲ ಅದು. ಅವರು ದಿನವೂ ಹಳ್ಳಿಹಳ್ಳಿ ತಿರುಗಿ ಬೀಜದ ಹೊಲ ನೋಡಬೇಕು. ದಸಮಿಯ ಮರುದಿನ, ಸೋಮವಾರ ಮುಂಜಾನೆ, ವ್ಯಾನು ಬಂದು ನಿಂತರೆ ಹಂಗಾಮು ಮುಗಿಯುವ ತನಕ ಅವನದೇ ಗಾಡಿ. ನಿಲ್ಲದಿದ್ದರೆ ಬೇರೆಯದು.

"ಈ ಹಂಗಾಮ ಒಂದು ಕೈಗೆ ಹತ್ತಿದ್ರ ಸಾಕು ಮಾಮಾ, ಇನ್ನ ಮಂದಿ ಗಾಡಿ ಸ್ಟೇರಿಂಗ್ ಮುಟ್ಟಂಗಿಲ್ಲ," ಎಂದು ನನಗೆ ಎಷ್ಟು ಸಲ ಹೇಳಿದ್ದನೋ.

ಹಿಂದಿನ ವಾರ ಹಲಗೇರಿ ರಸ್ತೆಯಲ್ಲಿ ಕಲ್ಲು ತಾಗಿ ವ್ಯಾನಿನ ಗೇರು ಡಬ್ಬಿ ಬಿರಿದಿತ್ತು. ಡಬ್ಬಿ ಅಲ್ಯುಮಿನಿಯಮ್ಮಿನದು, ನಮ್ಮ ಕಡೆ ಜರ್ಮನ್ ಎನ್ನುತ್ತೇವಲ್ಲ, ಅದೇ. ಅದನ್ನು ಬೆಸೆಯುವವರು ಹುಬ್ಬಳ್ಳಿಯಲ್ಲಿ ಮಾತ್ರ ಇದ್ದರು. ಶಾಬುದ್ದೀನ ಡಬ್ಬಿಯನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋಗಿ ಬೆಸೆಸಿ ತಂದ. ಬಿರುಕು ಚೆನ್ನಾಗಿಯೇ ಕೂಡಿತ್ತು. ಆದರೆ ಅದರ ಮೇಲೆ ಅಡ್ಡಲಾಗಿ ಬೆರಳು ದಪ್ಪದ ಒಂದು ಜರ್ಮನ್ ಪಟ್ಟಿಯೂ ಇತ್ತು. ಆ ಪಟ್ಟಿ ಗಾಡಿಯ ಹೊಟ್ಟೆಯ ಕಬ್ಬಿಣಕ್ಕೆ ಬಡಿದು ಡಬ್ಬಿ ಅದರ ಜಾಗದಲ್ಲಿ ಕೂಡ್ರಲೊಲ್ಲದು.

ಇಸಾಕಸಾಬರು ಗಾಡಿಯ ಕೆಳಗಿನಿಂದ ಹೊರಳಿ ಬಂದರು. "ಏನಪಾ ಇದು? ಡಬ್ಬಿಗೆ ಲಂಗೋಟಿ ಕಟ್ಟಿಸ್ಕೊಂಡು ಬಂದೀದಿ?"

"ಭದ್ರ ಇರ್ಲಿ ಅಂತ ನಾನ ಹೇಳಿ ಹಾಕ್ಸೀನಿ, ಚಾಚಾ. ಅಂವ ಬ್ಯಾಡ ಅಂದ. ನಾ ಕೇಳ್ಲಿಲ್ಲ."

"ಭದ್ರ! ಗಾಡ್ಯಾಗ ಕುಂದ್ರಲಿಲ್ಲಂದ್ರ ನಿನ್ನ ಭದ್ರ ತೊಗೊಂಡು ಏನ್ ಮಾಡ್ಲಿ, ಮಾಡದಾಗ ಇಟ್ಟು ಊದಿನಕಡ್ಡಿ ಹಚ್ಚಲೇನು?"

ಹುಬ್ಬಳ್ಳಿಯ ಬೆಸುಗೆಯವನು ಹಬ್ಬಕ್ಕೆ ಅಂಗಡಿ ಮುಚ್ಚಿ ಊರಿಗೆ ಹೋಗಿದ್ದ. ಪಟ್ಟಿಯನ್ನು ಇಲ್ಲೇ ಕತ್ತರಿಸಿ ತೆಗೆಯಬೇಕು. ಅಷ್ಟಾದರೆ ಡಬ್ಬಿ ಕೂರುತ್ತದೆ, ವ್ಯಾನು ಓಡುತ್ತದೆ. ಕೆಲಸ ಇಷ್ಟೇ. ಈ ಇಷ್ಟೇ ಎಂಬ ಕೆಲಸ ಮನುಷ್ಯರನ್ನು ಹೇಗೆ ತಿನ್ನುತ್ತದೆ ಎಂಬುದನ್ನು ನಾನು ಕೂತು ನೋಡಿದೆ.

ಮೊದಲು ಇಸಾಕಸಾಬರು ಹ್ಯಾಕ್ಸಾ ಬ್ಲೇಡು ಹಿಡಿದರು. ಕಬ್ಬಿಣದ ಪೈಪು ಕೊಯ್ಯುವ ಬ್ಲೇಡು, ಹಲ್ಲು ಅಕ್ಕಿನುಚ್ಚಿನಷ್ಟು ಸಣ್ಣ. ನಾಲ್ಕು ಸಲ ಎಳೆಯುವಷ್ಟರಲ್ಲಿ ಹಲ್ಲಿನ ಸಂದಿಯಲ್ಲಿ ಜರ್ಮನ್ ಪುಡಿ ಕಣಕದ ಹಾಗೆ ಮೆತ್ತಿಕೊಂಡು ಬ್ಲೇಡು ನುಣ್ಣಗೆ ಜಾರತೊಡಗಿತು. ಸಾಲದ್ದಕ್ಕೆ ಅದರ ಚೌಕಟ್ಟು ಡಬ್ಬಿಯ ಉಬ್ಬಿಗೆ ಬಡಿಯುತ್ತಿತ್ತು, ಪಟ್ಟಿಯ ಬುಡಕ್ಕೆ ಹೋಗುತ್ತಲೇ ಇರಲಿಲ್ಲ. ಬ್ಲೇಡು ಟಕ್ಕೆಂದು ಮುರಿಯಿತು. ಇನ್ನೊಂದು ಹಾಕಿದರು. ಅದೂ ಮುರಿಯಿತು.

"ಚಾಣ ಹಚ್ಚಿ ಹೊಡೀರಲಾ," ಎಂದ ಶಾಬುದ್ದೀನ.

"ಹೊಡಿ. ಪಟ್ಟಿ ಜೋಡಿ ಹೊಸ ಬೆಸಿಗಿನೂ ಬಿರೀತದ. ಮತ್ತ ಗೋಣಿಚೀಲ ಹೊತ್ಕೊಂಡು ಹುಬ್ಬಳ್ಳಿಗೆ ಹೋಗ್ತಿಯೇನು?"

"ಮಾವಾರ, ಸ್ವಲ್ಪ ಸರೀರಿ," ಎಂದು ಗೌಸ ಗ್ರೈಂಡರ್ ತಂದ. ಅದರ ಕಲ್ಲು ಮೊದಲು ಕಿರುಚಿತು, ಆಮೇಲೆ ಸುಮ್ಮನಾಯಿತು. ನಿಲ್ಲಿಸಿ ನೋಡಿದರೆ ಕಲ್ಲಿನ ಅಂಚೆಲ್ಲ ಬೆಳ್ಳಿ ಬಳಿದಂತೆ ಫಳಫಳ. ಅದು ಜರ್ಮನನ್ನು ತಿನ್ನುವ ಬದಲು ಮೈಗೆ ಬಳಿದುಕೊಂಡಿತ್ತು. ಗೌಸನಿಗೆ ರೋಷ ಬಂದು ಮೈಭಾರ ಹಾಕಿ ಒತ್ತಿದ. ಕಲ್ಲಿನ ಒಂದು ಚೂರು ಸಿಡಿದು ನನ್ನ ತಗಡಿಗೆ ಬಡಿದು, ನೇತುಹಾಕಿದ್ದ ಛತ್ರಿಯೊಂದರ ಬಟ್ಟೆ ಸೀಳಿತು. ಇಸಾಕಸಾಬರು ಗ್ರೈಂಡರಿನ ವೈರು ಕಿತ್ತು ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದರು.

"ಹಂಗಾರ ಗ್ಯಾಸಿನ ಬೆಂಕೀಲೆ ಕೊಯ್ಯೂಣು," ಎಂದ ಗೌಸ. "ಒಂದ್ ನಿಮಿಷದ ಕೆಲಸ."

"ನೋಡು ಅಳಿಯಾ, ಕಬ್ಬಿಣ ಇದ್ರ ಕೆಂಪಗಾಗಿ ಹೇಳ್ತದ, ನಾ ಕರಗಾಕತ್ತೇನಿ ಅಂತ. ಇದು ಹೇಳಂಗಿಲ್ಲ, ಕೇಳಂಗಿಲ್ಲ. ಬೆಳ್ಳಗ ಕುಂತಿರ್ತದ, ತೊಪ್ ಅಂತ ಬೀಳ್ತದ. ಗ್ಯಾಸಿನ ಹೆಸರು ಎತ್ತಬ್ಯಾಡ."

ಆಮೇಲೆ ಮೂವರೂ ಒಟ್ಟಿಗೇ ನನ್ನ ಕಡೆ ನೋಡಿದರು. ಹಾವೇರಿಯಲ್ಲಿ ಲಾರಿ ಬಾಡಿ ಕಟ್ಟುವ ಶಂಕ್ರಪ್ಪ ಜರ್ಮನ್ ಹಾಳೆ, ಜರ್ಮನ್ ಪಟ್ಟಿ ದಿನಾ ಕೊಯ್ಯುತ್ತಾನೆ, ಅವನು ಯಾವುದರಿಂದ ಕೊಯ್ಯುತ್ತಾನೆ ಕೇಳಿ, ಅದನ್ನೇ ಇಸಕೊಂಡು ಬಾ ಎಂದರು. ಶುಕ್ರವಾರ ಮುಂಜಾನೆ ನಾನು ಹಾವೇರಿಯ ಬಸ್ಸು ಹತ್ತಿದೆ.

ಶಂಕ್ರಪ್ಪ ಹೆದ್ದಾರಿಯ ದಂಡೆಗೆ ಒಂದು ಲಾರಿಯ ಅಸ್ಥಿಪಂಜರದ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ. ನಾನು ಹೇಳಿದ್ದನ್ನು ಕೇಳಿ ಅವನಿಗೆ ನಗು ತಡೆಯಲಿಲ್ಲ.

"ಸಣ್ಣ ಹಲ್ಲಿಂದು ಹಚ್ಯಾರೇನು? ಜರ್ಮನ್ ಅಂದ್ರ ಕಬ್ಬಿಣ ಅಲ್ರಿ ಅಜ್ಜಾರ, ಕಟ್ಟಿಗಿ ಇದ್ದಂಗ. ದೊಡ್ಡ ಹಲ್ಲಿನ ಬಡಿಗ್ಯಾರ ಗರಗಸ ಬೇಕು. ನಡುನಡುವ ಚಿಮಣಿ ಎಣ್ಣಿ ಬಿಡ್ಬೇಕು, ಹಲ್ಲಿಗೆ ಮೆತ್ತಂಗಿಲ್ಲ. ಚೌಕಟ್ಟು ಬಡೀತೈತಿ ಅಂದ್ರಲ್ಲ, ನನ್ನ ಹತ್ರ ಒಂದೈತಿ, ಒಂದ ಕಡೆ ಹಿಡಿ, ಮೊನಿ ಸಣ್ಣಗ ಹೋಗ್ತೈತಿ. ಇಲಿ ಬಿಲದಾಗೂ ತೂರ್ತೈತಿ."

"ಹಂಗಾದ್ರ ಕೊಡ್ರಿ," ಎಂದೆ.

"ಅದು ಬ್ಯಾಡಗಿ ಒಳಗೈತಿ. ಹಲ್ಲು ತೀಡಾಕ ಕರಬಸಪ್ಪನ ಹತ್ರ ಕೊಟ್ಟೇನಿ. ನನ್ನ ಹೆಸರು ಹೇಳಿ ಇಸ್ಕೊಳ್ರಿ."

ಬರುವಾಗ ಬ್ಯಾಡಗಿ ದಾರಿಯ ಮಗ್ಗುಲಲ್ಲೇ ಇತ್ತು. ಮೊದಲೇ ಗೊತ್ತಿದ್ದರೆ ಅರ್ಧ ದಿನ ಉಳಿಯುತ್ತಿತ್ತು. ಮತ್ತೆ ಬಸ್ಸು. ಮೋಟೆಬೆನ್ನೂರು ಕ್ರಾಸಿನಲ್ಲಿ ಇಳಿದರೆ ಬ್ಯಾಡಗಿಗೆ ಹೋಗುವ ಟೆಂಪೊ ಬಾಳೆಗಿಡ, ಕಬ್ಬು, ಚೆಂಡುಹೂವು ತುಂಬಿಕೊಂಡು ನಿಂತಿತ್ತು. ತುಂಬಿದ ಮೇಲೂ ಹೊರಡಲಿಲ್ಲ, ಇನ್ನೊಬ್ಬರು ಕುಂಬಳಕಾಯಿ ತರುತ್ತಿದ್ದಾರೆ ಎಂದು. ಜುಮ್ಮಾ ನಮಾಜು ತಪ್ಪಿತು. ನಾನು ಕರಬಸಪ್ಪನ ಮನೆ ಮುಟ್ಟುವಾಗ ಹೊತ್ತು ಇಳಿದಿತ್ತು.

ಕರಬಸಪ್ಪ ಬಡಿಗತನದವನು. ಸುತ್ತ ಹತ್ತೂರಿನ ಗರಗಸದ ಹಲ್ಲು ತೀಡುವವನೂ ಅವನೇ. ಒಳಗೆ ಪಡಸಾಲೆಯಲ್ಲಿ ಅವನ ತಾಯಿ ಮೈಲವ್ವ ಮಣೆಯ ಮೇಲೆ ಬಾಚಿ, ಉಳಿ, ಕೈಬೈರಿಗೆ, ಗರಗಸಗಳನ್ನೆಲ್ಲ ತೊಳೆದು ಸಾಲಾಗಿ ಜೋಡಿಸಿದ್ದಳು. ಖಂಡೆ ಪೂಜೆಗೆ, ನವಮಿಯ ಆಯುಧ ಪೂಜೆಗೆ. ಎಲ್ಲಕ್ಕೂ ಇಬತ್ತಿ, ಕುಂಕುಮ. ಸಾಲಿನ ಕೊನೆಯಲ್ಲಿ ಮೊನೆ ಸಣ್ಣಗಿನ ಒಂದು ಗರಗಸ, ಅದರ ಹಿಡಿಗೂ ಒಂದು ಚೆಂಡುಹೂವು.

ನಾನು ಬಂದ ಕಾರಣ ಹೇಳಿದೆ. ಕರಬಸಪ್ಪ ಎದ್ದು ಕೈ ಚಾಚಿದ. ತಾಯಿ ಆ ಕೈಗೆ ಹೊಡೆದಳು.

"ಒಂದ್ ತಾಸ ಮೊದ್ಲ ಬರಬೇಕಿತ್ತು ಸಾಬಣ್ಣ. ಕುಂದ್ರಿಸಿಬಿಟ್ಟೇನಿ. ಇನ್ನ ದಸಮಿ ದಿನ ಬನ್ನಿ ಮುಡಿಯೂತನಕ ಎಬ್ಬಸಂಗಿಲ್ಲ."

"ಎವ್ವಾ, ಅದು ನಮ್ಮದಲ್ಲ. ಹಾವೇರಿ ಶಂಕ್ರಪ್ಪಂದು. ಮಂದಿ ಸಾಮಾನ," ಎಂದ ಕರಬಸಪ್ಪ.

"ಮಂದೀದಾದ್ರೇನು, ನಮ್ಮ ದೇವರ ಮುಂದ ಕುಂತೈತಿ. ಊಟಕ್ಕ ಕುಂತಾವನ್ನ ಮಂದಿ ಮಗಾ ಅಂತ ಎಬ್ಬಸ್ತಿಯೇನು?" ಆಮೇಲೆ ನನ್ನ ಕಡೆ ತಿರುಗಿದಳು. "ನಿಮ್ಮ ಗ್ಯಾರೇಜಿನ್ಯಾಗ ಪೂಜಾ ಮಾಡಂಗಿಲ್ಲೇನು?"

"ಮಾಡ್ತಾರ್ರಿ. ಇವತ್ತ ಸಂಜಿಗೆ ಸಾಮಾನ ಎಲ್ಲಾ ಇಡ್ತಾರ."

"ನಡುವ ಯಾರಾದ್ರೂ ಬಂದು ಪಾನಾ ಕೊಡ್ರಿ ಅಂದ್ರ ನಿಮ್ಮ ಇಸಾಕಸಾಬ ಎತ್ತಿ ಕೊಡ್ತಾರೇನು?"

ಇಸಾಕಸಾಬರು ಈ ವಿಷಯದಲ್ಲಿ ಮೈಲವ್ವನಿಗಿಂತ ಒಂದು ಕೈ ಹೆಚ್ಚು. ಗ್ಯಾರೇಜು ಇಟ್ಟ ಮೊದಲ ವರ್ಷ ನವಮಿಯ ದಿನ ಯಾರದೋ ಒತ್ತಾಯಕ್ಕೆ ಜಾಕು ಎತ್ತಿ, ಗಾಡಿ ಜಾರಿ ಅವರ ಹೆಬ್ಬೆರಳು ಜಜ್ಜಿತ್ತು. ಅಂದಿನಿಂದ ಅವರ ಗ್ಯಾರೇಜಿನಲ್ಲಿ ದಸಮಿಯ ಸಂಜೆಯ ತನಕ ಒಂದು ಬೋಲ್ಟೂ ತಿರುಗುತ್ತಿರಲಿಲ್ಲ. ಕೆಲಸದ ಹುಡುಗರು ಹೋಗಲಿ ಬಿಡ್ರಿ ಎಂದರೂ ಅವರು ಬಿಡುತ್ತಿರಲಿಲ್ಲ.

ಖಾಲಿ ಕೈಯಲ್ಲಿ ಹೋಗಿ ಮಾಡುವುದೇನು? ಬ್ಯಾಡಗಿಯಲ್ಲಿ ನನ್ನ ಚಿಕ್ಕಪ್ಪನ ಮಗಳು ರಮಜಾನಬಿಯ ಮನೆಯಿತ್ತು, ಅಲ್ಲಿ ಉಳಿದೆ. ಆಕೆ ರೊಟ್ಟಿ ಬಡಿಯುತ್ತ, "ಅಲ್ಲ ಭಾಯಿ, ಎತ್ಕೊಂಡು ಓಡಿಬಿಡಬೇಕಿತ್ತು. ಆ ಮುದುಕಿ ಬೆನ್ನ ಹತ್ತಿ ಓಡ್ತಿತ್ತೇನು?" ಎಂದಳು.

"ನಾನೂ ಓಡ್ತಿದ್ನೇನು?" ಎಂದೆ. ಇಬ್ಬರೂ ನಕ್ಕೆವು. ಆ ನಾಲ್ಕೈದು ದಿನದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಶನಿವಾರ ಮುಂಜಾನೆ ಬಸ್ ಸ್ಟ್ಯಾಂಡಿಗೆ ಹೋಗಿ ಪರಿಚಯದ ಕಂಡಕ್ಟರೊಬ್ಬನ ಕೈಯಲ್ಲಿ ಗ್ಯಾರೇಜಿಗೆ ಸುದ್ದಿ ಕಳಿಸಿದೆ. ಗರಗಸ ಸಿಕ್ಕಿದೆ, ಭಾನುವಾರ ತರುತ್ತೇನೆ, ಅಲ್ಲಿಯವರೆಗೆ ಡಬ್ಬಿಗೆ ಕೈ ಹಚ್ಚಬೇಡಿ ಎಂದು. ಆಮೇಲೆ ಕರಬಸಪ್ಪನ ಮನೆಯ ಕಟ್ಟೆಯ ಮೇಲೆ ಹೋಗಿ ಕೂತೆ. ಮೆಣಸಿನಕಾಯಿ ಸುಗ್ಗಿ ಇನ್ನೂ ದೂರವಿತ್ತು, ಗಿಡ ಹೊಲದಲ್ಲಿ ಹೂ ಬಿಡುತ್ತಿತ್ತು. ಆದರೂ ಆ ಓಣಿಯಲ್ಲಿ ಹಳೆಯ ಚೀಲಗಳ ಘಾಟು. ಹೋಗುವವರು ಬರುವವರು ಕೇಳುವರು:

"ಯಾರನ್ನ ಕಾಯಾಕತ್ತೀರಿ ಸಾಬರ?"

"ಗರಗಸಾನ್ನ."

"ಎಲ್ಲಿಗೆ ಹೋಗೈತಿ?"

"ಎಲ್ಲಿಗೂ ಇಲ್ಲ. ಒಳಗ ಪೂಜಾಕ್ಕ ಕುಂತೈತಿ."

ಒಬ್ಬ ನಿಂತು ನೋಡಿ, "ನಿಮಗ ಬಿಸಲಿಗೆ ಏನೋ ಆಗೈತಿ," ಎಂದು ಹೋದ. ಮಧ್ಯಾಹ್ನ ಮೈಲವ್ವ ಬಾಳೆ ಎಲೆಯಲ್ಲಿ ಹೋಳಿಗೆ ತಂದಿಟ್ಟಳು. "ಸಿಟ್ಟಿಗೆ ಬಂದೀರೇನು?" ಎಂದಳು. ಇಲ್ಲ ಎಂದೆ. ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ. ಭದ್ರವಿರಲಿ ಎಂದ ಶಾಬುದ್ದೀನನ ಮೇಲೋ, ದಾರಿಯಲ್ಲಿ ಕುಂಬಳಕಾಯಿಗೆ ಕಾದ ಟೆಂಪೊದವನ ಮೇಲೋ, ಹೋಳಿಗೆ ಬಡಿಸುವ ಈ ಮುದುಕಿಯ ಮೇಲೋ? ಹೋಳಿಗೆ ಮಾತ್ರ ಚೆನ್ನಾಗಿತ್ತು.

ಭಾನುವಾರ ದಸಮಿ. ಬನ್ನಿ ಮುಡಿಯುವುದು ಸಂಜೆಗೆ. ನಾನು ಮತ್ತೆ ಕಟ್ಟೆಯ ಮೇಲೆ ಕೂತದ್ದು ಕಂಡು ಮೈಲವ್ವನಿಗೇ ಬೇಸರವಾಯಿತು. "ಏ ಕರಬಸ್ಯಾ, ಹೋಗಿ ಬನ್ನಿ ತೊಗೊಂಡು ಬಾ. ಈ ಮನಷ್ಯಾ ಹಿಂಗ ಕುಂತ್ರ ನನಗ ಉಂಡದ್ದು ಇಳಿಯಂಗಿಲ್ಲ," ಎಂದು ಮಗನನ್ನು ಮಧ್ಯಾಹ್ನವೇ ಅಟ್ಟಿದಳು. ಬನ್ನಿಯ ಎಲೆ ಬಂದ ಮೇಲೆ ದೇವರ ಮುಂದೆ ಇಟ್ಟು ಏನೋ ಹೇಳಿಕೊಂಡು, ಗರಗಸವನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಮೇಲೆ ನಾಲ್ಕು ಎಲೆ ಬನ್ನಿ. "ಬಂಗಾರ ತೊಗೊಂಡು ಬಂಗಾರದಂಗ ಇರ್ರಿ. ಹೋಗ್ರಿ, ಲಗೂ ಹೋಗ್ರಿ."

ಗರಗಸವನ್ನು ಟವೆಲಿನಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ಯಾರ ಮೊಣಕಾಲಿಗೂ ತಾಗದ ಹಾಗೆ ಮಗುವಿನಂತೆ ಎದೆಗೆ ಹಿಡಿದುಕೊಂಡು ರಾಣೆಬೆನ್ನೂರು ಮುಟ್ಟಿದಾಗ ಅಸರ್ ನಮಾಜಿನ ಹೊತ್ತು. ಡಬ್ಬಿ ಕೊಯ್ಯಲು ಒಂದು ತಾಸು, ಕೂಡಿಸಲು ರಾತ್ರಿ ಎಂದರೂ ಸೋಮವಾರಕ್ಕೆ ಮೊದಲೇ ವ್ಯಾನು ನೆಲಕ್ಕಿಳಿಯುತ್ತದೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ.

ಗ್ಯಾರೇಜಿನಲ್ಲಿ ಗೌಸ ಟಯರಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಶಾಬುದ್ದೀನ ವ್ಯಾನಿಗೆ ಬೆನ್ನು ಆನಿಸಿ ನಿಂತಿದ್ದ. ನಡುವೆ ನೆಲದ ಮೇಲೆ ಡಬ್ಬಿ. ಪಟ್ಟಿ ಹಾಗೇ ಇತ್ತು. ಅದರ ಪಕ್ಕದಲ್ಲಿ ಡಬ್ಬಿಯ ಗೋಡೆಯೇ ಇರಲಿಲ್ಲ. ಅಂಗೈ ಹೋಗುವಷ್ಟು ತೂತು, ತೂತಿನ ಕೆಳಗೆ ಮಣ್ಣಿನಲ್ಲಿ ಹೆಪ್ಪುಗಟ್ಟಿದ ಬೆಳ್ಳನೆಯ ಹನಿ.

ಆದದ್ದು ಇಷ್ಟು. ಶುಕ್ರವಾರ ಸಂಜೆ ಇಸಾಕಸಾಬರು ಪಾನಾ, ಸುತ್ತಿಗೆ, ಗ್ರೈಂಡರ್ ಎಲ್ಲವನ್ನೂ ಒಳಗಿನ ಕೋಣೆಯಲ್ಲಿ ಇಟ್ಟು, ಬುಟ್ಟಿ ಹೂವು ಹಾಕಿಸಿ, ಬೀಗ ಹಾಕಿ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಗ್ಯಾಸಿನ ಬಾಟ್ಲಿ ಭಾರವೆಂದು ಅಂಗಳದಲ್ಲೇ ನಿಲ್ಲಿಸಿ ಕುಂಕುಮ ಹಚ್ಚಿ ಬಿಟ್ಟಿದ್ದರು. ಭಾನುವಾರ ಮುಂಜಾನೆ ಅವರು ಯಾರದೋ ಮೌತಿಗೆ, ಮಣ್ಣಿಗೆಂದು ಹೋದರು. ಶಾಬುದ್ದೀನ ಮಧ್ಯಾಹ್ನ ಇಳಿಯುವ ತನಕ ಅಂಗಳದಲ್ಲಿ ಅತ್ತಿಂದಿತ್ತ ತಿರುಗಿ ತಿರುಗಿ ಗೌಸನ ಮುಂದೆ ನಿಂತ.

"ನಮ್ಮ ಮಾಮಾ ಶುಕ್ರವಾರ ಹೋದಾಂವ. ತರತೇನಿ ಅಂತ ಹೇಳಿ ಕಳಿಸ್ಯಾನ. ಅಂವ ತರೂದು ಯಾವಾಗ, ನೀವು ಕೊಯ್ಯೂದು ಯಾವಾಗ? ಗೌಸಭಾಯಿ, ನೀವ ಹೇಳಿದ್ರಲ್ಲ ಒಂದ್ ನಿಮಿಷದ ಕೆಲಸ ಅಂತ."

"ಮಾವಾರು ಆಯುಧ ಮುಟ್ಟಬ್ಯಾಡ ಅಂದಾರ."

"ಗ್ಯಾಸ್ ಆಯುಧ ಹೆಂಗಾಗ್ತದ? ಹಲ್ಲಿಲ್ಲ, ಅಲಗಿಲ್ಲ. ಅದು ಬೆಂಕಿ."

ಗೌಸನಿಗೆ ಇದು ನ್ಯಾಯವಾಗಿ ಕಂಡಿತು. ಒಂದೇ ನಿಮಿಷದ ಕೆಲಸವಾಗಿತ್ತು. ಡಬ್ಬಿ ಬೆಳ್ಳಗೇ ಕೂತಿತ್ತು, ತೊಪ್ಪೆಂದು ಬಿತ್ತು.

ನಾನು ಟವೆಲು ಬಿಚ್ಚಿ ಗರಗಸವನ್ನು ಕೆಳಗಿಟ್ಟೆ. ಅಷ್ಟರಲ್ಲಿ ಇಸಾಕಸಾಬರು ಬಂದರು. ಡಬ್ಬಿ ನೋಡಿದರು, ಅಳಿಯನನ್ನು ನೋಡಿದರು. ಬೈಯುತ್ತಾರೆಂದು ಕಾದೆವು. ಬೈಯಲಿಲ್ಲ. ಗರಗಸ ಎತ್ತಿಕೊಂಡು ಹೆಬ್ಬೆರಳಿನಿಂದ ಹಲ್ಲು ಸವರಿ ನೋಡಿ, "ಚಿಮಣಿ ಎಣ್ಣಿ ತಾ," ಎಂದರು.

"ಯಾಕ್ರಿ ಮಾವಾರ, ಇನ್ನ ಅದರಾಗ ಏನೈತಿ?"

"ತಾ ಅಂದೆ."

ಡಬ್ಬಿಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು ಪಟ್ಟಿಯ ಬುಡಕ್ಕೆ ಗರಗಸ ಹಚ್ಚಿದರು. ಸೀಮೆಎಣ್ಣೆ ಬಿಟ್ಟರು, ಎಳೆದರು. ಜರ್ಮನ್ ಪುಡಿ ರವೆಯ ಹಾಗೆ ಸುರಿಯತೊಡಗಿತು. ಮೆತ್ತಲಿಲ್ಲ, ಜಾರಲಿಲ್ಲ, ಎಲ್ಲಿಯೂ ಬಡಿಯಲಿಲ್ಲ. ಸೌತೆಕಾಯಿ ಕೊಯ್ದ ಹಾಗೆ ಕೊಯ್ಯುತ್ತ ಹೋಗಿ ಪಟ್ಟಿ ಠಣ್ಣೆಂದು ನೆಲಕ್ಕೆ ಬಿತ್ತು. ಬುಡ ನುಣ್ಣಗೆ, ಅಂಗೈಯಂತೆ. ಹುಬ್ಬಳ್ಳಿಯ ಬೆಸುಗೆ ಕೂದಲಷ್ಟೂ ಬಿರಿದಿರಲಿಲ್ಲ. ಪಕ್ಕದಲ್ಲಿ ಆ ತೂತು.

"ಬ್ಯಾಡ್ರಿ ಚಾಚಾ," ಎಂದ ಶಾಬುದ್ದೀನ. "ಕೊಯ್ದು ತೋರಸಬ್ಯಾಡ್ರಿ."

"ನಿನಗ ತೋರ್ಸಾಕಲ್ಲೋ. ನನಗ ನೋಡ್ಬೇಕಾಗಿತ್ತು."

ಆಗ ಎಲ್ಲರಿಗೂ ಬಾಯಿ ಬಂತು. ಪೂಜೆಗಿಟ್ಟದ್ದನ್ನು ಮುಟ್ಟಿದರೆ ಹೀಗೇ ಆಗುವುದು, ಬಾಟ್ಲಿಗೂ ಕುಂಕುಮ ಹಚ್ಚಿದ್ದೆ ಎಂದರು ಇಸಾಕಸಾಬರು. ಕುಂಕುಮ ಹಚ್ಚಿದರೆ ಸಾಲದು, ಒಳಗಿಟ್ಟು ಬೀಗ ಹಾಕಬೇಕಿತ್ತು ಎಂದ ಗೌಸ. ಶಾಬುದ್ದೀನ ಅವರಿಬ್ಬರನ್ನೂ ಬಿಟ್ಟು ನನ್ನ ಕಡೆ ಬಂದ.

"ಶುಕ್ರವಾರ ಸಂಜೀಕ ನಿನ್ನ ಕಣ್ಣ ಮುಂದ ಇತ್ತಲ್ಲ ಮಾಮಾ. ಕೈಚಾಚು ದೂರದಾಗ. ಒಂದ್ ಮಾತು ಜೋರ ಮಾಡಿ ಕೇಳಾಕ ಆಗ್ಲಿಲ್ಲ? ಎರಡ್ ದಿನಾ ಕಟ್ಟಿ ಮ್ಯಾಲ ಕುಂತು ಹೋಳಗಿ ತಿಂದೀ?"

ಹೋಳಿಗೆಯ ಸುದ್ದಿ ಅವನಿಗೆ ಹೇಗೆ ತಿಳಿಯಿತೋ. ಕಟ್ಟೆಯ ಮುಂದೆ ಹಾಯ್ದು ಹೋದವರು ಯಾರೋ ಹೇಳಿರಬೇಕು. "ಇನ್ನ ಒಂದ್ ತಾಸು ತಡದಿದ್ರ…" ಎಂದು ನಾನು ಶುರು ಮಾಡಿದೆ.

"ತಡಿ, ತಡಿ, ತಡಿ! ನಿನ್ನ ತಡಿಯೂದು ನನ್ನ ಗಾಡಿ ತಿಂತು."

ಅವನ ಅವಸರ ತಿಂದಿತೋ, ನನ್ನ ತಾಳ್ಮೆ ತಿಂದಿತೋ, ನಾನು ಈಗಲೂ ಹೇಳಲಾರೆ. ಬೇರೆ ಡಬ್ಬಿ ಬೇಕೆಂದರೆ ಹುಬ್ಬಳ್ಳಿಯ ಗುಜರಿಯಲ್ಲಿ ಹುಡುಕಬೇಕು, ಸಿಕ್ಕರೆ ಸಿಕ್ಕಿತು. ಅಷ್ಟರಲ್ಲಿ ಹೊಲದಲ್ಲಿ ಹತ್ತಿ ಬಿಡಿಸುವ ಕಾಲವೇ ಬರುತ್ತದೆ.

ಸೋಮವಾರ ಮುಂಜಾನೆ ಬಿಸಿಲು ಏರುವ ಮೊದಲೇ ಕಂಪನಿಯ ಸಾಹೇಬರು ಗ್ಯಾರೇಜಿನ ಮುಂದೆ ಬಂದರು. ಕಲ್ಲಿನ ಮೇಲಿನ ವ್ಯಾನು ನೋಡಿ ರಸ್ತೆಯ ಆಚೆ ಕೈ ಮಾಡಿದರು. ಹಾವೇರಿಯಿಂದ ಒಂದು ಜೀಪಿಗೆ ಮೊದಲೇ ಹೇಳಿಟ್ಟಿದ್ದರಂತೆ. ಜೀಪು ರಸ್ತೆಯ ಆಚೆ ನಿಂತಿತ್ತು. ಅದನ್ನು ಅಲ್ಲಿಯ ತನಕ ಹೊಡೆದು ತಂದದ್ದು ಅದರ ಮಾಲಕನೇ. ಡ್ರೈವರ್ ಹಬ್ಬಕ್ಕೆ ಹೋದವನು ಕುಡಿದು ಬಿದ್ದಿದ್ದಾನೆ, ಇನ್ನು ಬರುವುದಿಲ್ಲ ಎಂದು ಮಾಲಕ ಗೊಣಗುತ್ತಿದ್ದ. "ಇವತ್ತಿನ ಮಟ್ಟಿಗೆ ಯಾರಾದ್ರೂ ಸಿಕ್ಕಾರೇನು?" ಎಂದು ಇಸಾಕಸಾಬರನ್ನು ಕೇಳಿದ.

ಇಸಾಕಸಾಬರು ನೆಲ ನೋಡಿದರು. ಗೌಸ ಒಳಗೆ ಹೋದ. ಶಾಬುದ್ದೀನ ಸ್ವಲ್ಪ ಹೊತ್ತು ವ್ಯಾನಿನ ಬಾಗಿಲ ಹಿಡಿ ಹಿಡಿದುಕೊಂಡೇ ನಿಂತಿದ್ದ. ಆಮೇಲೆ ಅದನ್ನು ಬಿಟ್ಟು ರಸ್ತೆ ದಾಟಿದ. "ಇವತ್ತಿನ ಮಟ್ಟಿಗೆ ಬ್ಯಾಡ್ರಿ, ಹಂಗಾಮ ಮುಗಿಯೂತನಕ ಹೇಳ್ರಿ," ಎಂದು ಮಾಲಕನಿಗೆ ಹೇಳಿದ್ದು ನನಗೆ ಕೇಳಿಸಿತು. ಚಾವಿ ಇಸಕೊಂಡ. ನನ್ನ ಕಡೆ ತಿರುಗಿ ನೋಡಲಿಲ್ಲ.

ಸಾಹೇಬರು ಪಕ್ಕದಲ್ಲಿ ಕೂತರು. ಅಂದು ಸೋಮವಾರ. ದಸಮಿಯ ಮರುದಿನ ಶಾಬುದ್ದೀನ ಹಾವೇರಿಯವರ ಜೀಪು ಹೊಡೆದುಕೊಂಡು ಹೋದ.